ಅಂತರ್ಜಾಲದ ಕಾಯಕಕ್ಕೆ ಆಯ್ದಕ್ಕಿಯ ಅಳತೆ



ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕಾಯಕಗಳ ನಡುವೆ ಮೇಲು ಕೀಳೆಂಬ ಪಂಕ್ತಿಭೇದವಿರಲಿಲ್ಲ. ನುಲಿಯ ಚಂದಯ್ಯನವರು ಹಗ್ಗ ಹೊಸೆದರು. ಮಡಿವಾಳ ಮಾಚಿದೇವರು ಬಟ್ಟೆ ಒಗೆದರು. ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು. ಮೋಳಿಗೆಯ ಮಾರಯ್ಯನವರು ಕಟ್ಟಿಗೆಯ ಹೊರೆ ಹೊತ್ತು ಮಾರಿದರು. ಇವರೆಲ್ಲರೂ ಅನುಭವ ಮಂಟಪದಲ್ಲಿ ಸರಿಸಮನಾಗಿ ಕುಳಿತವರು. ಕೈಯಲ್ಲಿ ಹಿಡಿದ ಉಪಕರಣ ಯಾವುದೆಂದು ಅಲ್ಲಿ ಯಾರೂ ಕೇಳಲಿಲ್ಲ. ದುಡಿಮೆ ಸತ್ಯಶುದ್ಧವಾದುದೇ, ಅದರಿಂದ ಬಂದುದು ದಾಸೋಹಕ್ಕೆ ಸಲ್ಲುವುದೇ ಎಂಬ ಎರಡು ಪ್ರಶ್ನೆಗಳೇ ಅಲ್ಲಿ ಮುಖ್ಯವಾಗಿದ್ದವು.

ಈ ಮಾತನ್ನು ಇಲ್ಲಿ ನೆನೆಯಲು ಕಾರಣವುಂಟು. ಈ ಅಂಕಣದ ಓದುಗರೊಬ್ಬರು, ಹಾವೇರಿ ಜಿಲ್ಲೆಯ ಒಕ್ಕಲುತನದ ಮನೆಯ ಹಿರಿಯರು, ಪತ್ರ ಬರೆದು ತಮ್ಮ ಮನದ ತಳಮಳವನ್ನು ತೋಡಿಕೊಂಡಿದ್ದಾರೆ. ಅವರ ಮಗ ಇಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಒಳ್ಳೆಯ ಸಂಬಳದ ನೌಕರಿಯಲ್ಲಿದ್ದಾನೆ. ಈಗ ಅದನ್ನು ಬಿಟ್ಟು, ಇಬ್ಬರು ಗೆಳೆಯರೊಡನೆ ಸೇರಿ ಒಂದು ಜಾಲತಾಣವನ್ನು ಕಟ್ಟುವುದಾಗಿ ಹೇಳುತ್ತಿದ್ದಾನಂತೆ. "ಹೊಲಕ್ಕೆ ಹೋದರೆ ಬೆಳೆ ಕಾಣುತ್ತದೆ, ಅಂಗಡಿಗೆ ಹೋದರೆ ಸರಕು ಕಾಣುತ್ತದೆ. ಇವನು ಕಟ್ಟುವುದು ಕಣ್ಣಿಗೂ ಕಾಣದು, ಕೈಗೂ ಸಿಗದು. ಗುರುಗಳೇ, ಇದನ್ನು ಕಾಯಕವೆನ್ನಬಹುದೇ? ನಾವು ಹೂಂ ಎನ್ನಬೇಕೋ ಬೇಡವೋ ತಿಳಿಸಿರಿ" ಎಂದು ಅವರು ಕೇಳಿದ್ದಾರೆ. ಇದು ಒಂದು ಮನೆಯ ಪ್ರಶ್ನೆಯಲ್ಲ. ಇಂದು ನಮ್ಮ ಸಮಾಜದ ಅನೇಕ ಮನೆಗಳ ಪಡಸಾಲೆಯಲ್ಲಿ ಎದ್ದಿರುವ ಪ್ರಶ್ನೆ. ಆದುದರಿಂದ ಈ ತಿಂಗಳು ಇದನ್ನೇ ವಿಚಾರ ಮಾಡೋಣ.

ಜಾಲದ ಮೂಲ

ಅಂತರ್ಜಾಲವೆಂಬುದು ಲೋಕದ ಗಣಕಯಂತ್ರಗಳನ್ನು ಒಂದಕ್ಕೊಂದು ಕೂಡಿಸಿದ ಹೆದ್ದಾರಿ. ಆ ಹೆದ್ದಾರಿಯ ಪಕ್ಕದಲ್ಲಿ ಎದ್ದು ನಿಂತ ಅಂಗಡಿ, ಛತ್ರ, ಗ್ರಂಥಾಲಯ, ಶಾಲೆಗಳೇ ಜಾಲತಾಣಗಳು. ಬ್ರಿಟನ್ನಿನ ವಿಜ್ಞಾನಿ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಜಿನೀವಾ ನಗರದ ಬಳಿಯ ಸರ್ನ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಇದರ ಯೋಜನೆಯನ್ನು ಮುಂದಿಟ್ಟರು. ಅಲ್ಲಿ ಹಲವು ದೇಶಗಳ ವಿಜ್ಞಾನಿಗಳು ಕೆಲಸ ಮಾಡುತ್ತಿದ್ದರು. ಅವರ ಗಣಕಯಂತ್ರಗಳು ಬೇರೆ ಬೇರೆ ಬಗೆಯವು; ಒಬ್ಬರ ಬರಹ ಇನ್ನೊಬ್ಬರ ಯಂತ್ರದಲ್ಲಿ ಸುಲಭವಾಗಿ ತೆರೆಯುತ್ತಿರಲಿಲ್ಲ. ಈ ತೊಡಕನ್ನು ಬಿಡಿಸಲು ಹೊರಟಾಗ ವಿಶ್ವವ್ಯಾಪಿ ಜಾಲ ಹುಟ್ಟಿತು.

ಇದರಲ್ಲಿ ನಾವು ಗಮನಿಸಬೇಕಾದ ಸಂಗತಿ ಮುಂದಿನದು. 1993ರ ಏಪ್ರಿಲ್ 30ರಂದು ಆ ಸಂಸ್ಥೆಯು ಜಾಲದ ತಂತ್ರಾಂಶವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಘೋಷಿಸಿತು. ಒಂದೊಂದು ಜಾಲತಾಣಕ್ಕೂ ಒಂದೊಂದು ಕಾಸು ಸುಂಕವಿಟ್ಟಿದ್ದರೂ ಸಂಪತ್ತು ಹೊಳೆಯಾಗಿ ಹರಿದು ಬರುತ್ತಿತ್ತು. ಹಾಗೆ ಮಾಡಲಿಲ್ಲ. ಇಂದು ಜಾಲದ ಮೇಲೆ ನಡೆಯುವ ಸಣ್ಣ ದೊಡ್ಡ ವ್ಯಾಪಾರಗಳೆಲ್ಲವೂ ಈ ದಾನದ ನೆಲದ ಮೇಲೆಯೇ ನಿಂತಿವೆ. ದಾಸೋಹವೆಂಬ ಪದವನ್ನು ಅರಿಯದ ನಾಡಿನಲ್ಲಿಯೂ ದಾಸೋಹದ ಭಾವವೊಂದು ಹೀಗೆ ಪ್ರಕಟವಾಯಿತು.

ಬಸ್ಸಿನ ಆಸನವೊಂದರ ಪಾಠ

ಜಾಲತಾಣವನ್ನು ಕಟ್ಟುವ ಉದ್ಯಮಿ ನಿಜವಾಗಿ ಮಾಡುವುದೇನು? ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿದ ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು.

2005ರ ದೀಪಾವಳಿ. ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿದ್ದ ಫಣೀಂದ್ರ ಸಾಮಾ ಎಂಬ ತರುಣರು ಹಬ್ಬಕ್ಕೆ ಅಂದಿನ ಆಂಧ್ರಪ್ರದೇಶದಲ್ಲಿದ್ದ ತಮ್ಮ ಊರಿಗೆ ಹೋಗಲು ಬಸ್ಸಿನ ಟಿಕೇಟಿಗಾಗಿ ಅಲೆದರು. ಒಬ್ಬ ಏಜೆಂಟರಲ್ಲಿ ಇಲ್ಲ, ಇನ್ನೊಬ್ಬರಲ್ಲಿ ಇಲ್ಲ. ಕೊನೆಗೂ ಸಿಗಲಿಲ್ಲ. ಹಬ್ಬದ ದಿನ ಮನೆ ಸೇರದ ಬೇಸರ ಯಾರಿಗೆ ತಿಳಿಯದು? ಆದರೆ ಅವರು ಬೇಸರದಲ್ಲಿಯೇ ನಿಲ್ಲದೆ, ಹೀಗೇಕಾಯಿತೆಂದು ವಿಚಾರಿಸತೊಡಗಿದರು.

ಆಗ ತಿಳಿದುಬಂದುದು ಇಷ್ಟು. ಖಾಸಗಿ ಬಸ್ಸುಗಳ ಆಸನಗಳು ಹಲವು ಏಜೆಂಟರ ಕೈಯಲ್ಲಿ ಹಂಚಿಹೋಗಿರುತ್ತಿದ್ದವು. ಯಾವ ಬಸ್ಸಿನಲ್ಲಿ ಎಷ್ಟು ಆಸನ ಉಳಿದಿದೆ ಎಂಬುದು ಒಂದೇ ಕಡೆಯಲ್ಲಿ ಕುಳಿತು ನೋಡಲು ಯಾರಿಗೂ ಸಾಧ್ಯವಿರಲಿಲ್ಲ. ಏಜೆಂಟನು ಬಸ್ಸಿನ ಮಾಲೀಕನಿಗೆ ಫೋನು ಮಾಡಿ ಕೇಳಬೇಕು. ಮಾಲೀಕನು ತನ್ನ ಕಾಗದದ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳಬೇಕು. ಒಬ್ಬ ಏಜೆಂಟನ ಮುಂದೆ ಪ್ರಯಾಣಿಕರು ಸಾಲುಗಟ್ಟಿ ನಿಂತು ಹಿಂದಿರುಗುತ್ತಿರುವಾಗಲೇ ಇನ್ನೊಬ್ಬನ ಪಾಲಿನ ಆಸನ ಖಾಲಿಯಾಗಿ ಹೊರಟುಹೋಗಬಹುದಾಗಿತ್ತು. ಊರಿಂದ ಮರಳುವ ಟಿಕೇಟನ್ನು ಇಲ್ಲಿಯೇ ಕೊಳ್ಳುವುದಂತೂ ಬಲು ಕಷ್ಟ. ದೋಷ ಒಬ್ಬ ಏಜೆಂಟನದೂ ಅಲ್ಲ, ಮಾಲೀಕನದೂ ಅಲ್ಲ. ಸುದ್ದಿ ಹತ್ತು ಕಡೆ ಚೂರಾಗಿ ಬಿದ್ದಿತ್ತು, ಅಷ್ಟೇ.

ಫಣೀಂದ್ರ ಅವರು ಸಹಪಾಠಿಗಳಾದ ಸುಧಾಕರ್ ಪಸುಪುನೂರಿ ಮತ್ತು ಚರಣ್ ಪದ್ಮರಾಜು ಅವರೊಡನೆ ಸೇರಿ 2006ರಲ್ಲಿ ರೆಡ್‌ಬಸ್ ಎಂಬ ಜಾಲತಾಣವನ್ನು ಆರಂಭಿಸಿದರು. ಮೂವರೂ ಪಿಲಾನಿಯ ಬಿಟ್ಸ್ ಸಂಸ್ಥೆಯಲ್ಲಿ ಓದಿದವರು. ತಂತ್ರಾಂಶವನ್ನು ಬಳಸಲು ಬಸ್ಸಿನ ಮಾಲೀಕರು ಮೊದಲಿಗೆ ಮುಂದೆ ಬರಲಿಲ್ಲ. ಕಾಣದ ಯಂತ್ರವನ್ನು ನಂಬಿ ತಮ್ಮ ಜೀವನಾಧಾರವಾದ ಪಟ್ಟಿಯನ್ನು ಅವರಾದರೂ ಹೇಗೆ ಒಪ್ಪಿಸಿಯಾರು? ಆಗ ಈ ತರುಣರು ಕೆಲವೇ ಆಸನಗಳನ್ನು ಪಡೆದು ತಾವೇ ಮಾರಿ ತೋರಿಸಿದರು. ಉದ್ಯಮದಲ್ಲಿ ಅನುಭವವುಳ್ಳ ಹಿರಿಯರ ಮಾರ್ಗದರ್ಶನವನ್ನೂ ಪಡೆದರು. ನಂಬಿಕೆ ಒಂದೊಂದೇ ಆಸನವಾಗಿ ಬೆಳೆಯಿತು.

ಇದರೊಳಗಿನ ಕೆಲಸ ಎಷ್ಟು ಸೂಕ್ಷ್ಮವೆಂಬುದನ್ನೂ ನೋಡಿರಿ. ಒಂದೇ ಆಸನವನ್ನು ಹುಬ್ಬಳ್ಳಿಯಲ್ಲಿ ಒಬ್ಬರು, ಬೆಂಗಳೂರಿನಲ್ಲಿ ಒಬ್ಬರು ಒಂದೇ ಗಳಿಗೆಯಲ್ಲಿ ಬಯಸಬಹುದು. ಇಬ್ಬರಿಗೂ ಮಾರಿದರೆ ಬಸ್ಸಿನ ಬಾಗಿಲಲ್ಲಿ ಜಗಳ. ಆದುದರಿಂದ ಮೊದಲು ಆರಿಸಿದವರ ಪಾಲಿಗೆ ಆ ಆಸನವನ್ನು ಕೆಲವು ನಿಮಿಷ ಕಾದಿರಿಸಬೇಕು. ಹಣ ಸಂದಾಯವಾದರೆ ಖಾಯಂ ಮಾಡಬೇಕು. ಸಂದಾಯವಾಗದಿದ್ದರೆ ಬಿಡುಗಡೆ ಮಾಡಬೇಕು. ಹಣ ಬ್ಯಾಂಕಿನಿಂದ ಹೊರಟು ಟಿಕೇಟು ಮಾತ್ರ ಬರದಿದ್ದರೆ ಆ ಹಣವನ್ನು ಮರಳಿಸಬೇಕು. ಹಬ್ಬದ ಹಿಂದಿನ ದಿನ ಸಾವಿರಾರು ಜನ ಒಮ್ಮೆಲೇ ನುಗ್ಗಿದರೂ ಲೆಕ್ಕ ತಪ್ಪಬಾರದು. ಬಳಸುವವರ ಕಣ್ಣಿಗೆ ಕಾಣುವುದು ಬಣ್ಣದ ಚೌಕಗಳು ಮಾತ್ರ. ಅದರ ಹಿಂದಿನ ದುಡಿಮೆ ನೆಲದೊಳಗಿನ ಬೇರಿನಂತೆ. ಪತ್ರ ಬರೆದ ಹಿರಿಯರು ಕಣ್ಣಿಗೆ ಕಾಣದ ಕೆಲಸವೆಂದು ಶಂಕಿಸಿದ್ದಾರೆ. ಬೇರು ಕಾಣದೆಂದು ಒಕ್ಕಲಿಗನು ಅದನ್ನು ಅಲ್ಲಗಳೆಯುವುದುಂಟೇ?

ರೆಡ್‌ಬಸ್ 2013ರಲ್ಲಿ ಐಬಿಬೊ ಸಮೂಹಕ್ಕೆ ಮಾರಾಟವಾಯಿತು. 2017ರಲ್ಲಿ ಆ ಸಮೂಹ ಮೇಕ್‌ಮೈಟ್ರಿಪ್ ಸಂಸ್ಥೆಯೊಡನೆ ಕೂಡಿಕೊಂಡಿತು. ಫಣೀಂದ್ರ ಅವರು 2018ರಲ್ಲಿ ತೆಲಂಗಾಣ ಸರ್ಕಾರದ ಮುಖ್ಯ ನಾವೀನ್ಯ ಅಧಿಕಾರಿಯಾಗಿ ಸಾರ್ವಜನಿಕ ಸೇವೆಗೆ ಬಂದರು. ಹಣದ ಲೆಕ್ಕ ನಮಗೆ ಬೇಡ. ನಮಗೆ ಬೇಕಾದ ಪಾಠವೆಂದರೆ, ಈ ಉದ್ಯಮ ಇನ್ನೊಬ್ಬರ ಕಷ್ಟವನ್ನು ಕಣ್ಣಾರೆ ಕಂಡುದರಿಂದ ಹುಟ್ಟಿತೆಂಬುದು. ನಾವು ಕಲಿತ ಮಠದ ಪ್ರಸಾದ ನಿಲಯದಲ್ಲಿ ಬಡಿಸಲು ನಿಂತ ಹುಡುಗರಿಗೆ ಹಿರಿಯರು ಹೇಳುತ್ತಿದ್ದ ಮಾತು ಒಂದೇ: ಬಡಿಸುವವನ ಕಣ್ಣು ಎಲೆಯ ಮೇಲಿರಬೇಕು. ಯಾರ ಎಲೆಯಲ್ಲಿ ಏನು ಮುಗಿದಿದೆ ಎಂದು ನೋಡದೆ ಸೌಟು ಆಡಿಸುವವನು ಅನ್ನವನ್ನೂ ಕೆಡಿಸುತ್ತಾನೆ, ಉಣ್ಣುವವನನ್ನೂ ನೋಯಿಸುತ್ತಾನೆ. ಜಾಲತಾಣ ಕಟ್ಟುವವರಿಗೂ ಇದೇ ಮಾತು ಸಲ್ಲುತ್ತದೆ.

ಲಕ್ಕಮ್ಮನವರ ಅಳತೆ

ಇನ್ನೊಬ್ಬರ ಕಷ್ಟ ಕಳೆಯುವುದರಿಂದ ಕಾಯಕದ ಅರ್ಧ ಮಾತ್ರ ಪೂರೈಸುತ್ತದೆ. ಉಳಿದ ಅರ್ಧವನ್ನು ಆಯ್ದಕ್ಕಿ ಲಕ್ಕಮ್ಮನವರು ನಮಗೆ ಕಲಿಸಿದ್ದಾರೆ.

ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಾಯಕ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಮನೆಗೆ ಹೆಚ್ಚು ಬಂದರೆ ಹಿಗ್ಗುವುದು ಲೋಕದ ರೀತಿ. ಲಕ್ಕಮ್ಮನವರು ಹಿಗ್ಗಲಿಲ್ಲ. ಇಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಇದು ಹೆಚ್ಚು, ಹೆಚ್ಚಿನದು ನಮ್ಮದಲ್ಲ, ಒಯ್ದು ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ತಿದ್ದಿದರು. ಕದ್ದ ಅಕ್ಕಿಯಲ್ಲ ಅದು, ನೆಲದಲ್ಲಿ ಬಿದ್ದುದೇ. ಆದರೂ ಬೇಕಾದುದನ್ನು ಮೀರಿದ ಗಳಿಗೆಯಲ್ಲಿಯೇ ಕಾಯಕ ಆಸೆಯಾಗಿ ತಿರುಗುತ್ತದೆಂದು ಆ ತಾಯಿ ಕಂಡರು.

ಇಂದಿನ ಜಾಲತಾಣಗಳ ಅಂಗಳದಲ್ಲಿ ಚೆಲ್ಲಿ ಬೀಳುವ ಅಕ್ಕಿ ಯಾವುದು? ನಮ್ಮ ಹೆಸರು, ಫೋನಿನ ಸಂಖ್ಯೆ, ನಾವು ನಿಂತ ಸ್ಥಳ, ನಮ್ಮ ಬಂಧುಗಳ ಪಟ್ಟಿ, ನಮ್ಮ ಮಕ್ಕಳ ಭಾವಚಿತ್ರ, ನಾವು ಕೊಂಡ ಔಷಧ. ಬಸ್ಸಿನ ಟಿಕೇಟಿಗೆ ಪ್ರಯಾಣಿಕನ ಹೆಸರು, ಏರುವ ಸ್ಥಳ, ಫೋನು ಸಂಖ್ಯೆ ಬೇಕಾದೀತು. ಟಾರ್ಚಿನ ಬೆಳಕು ತೋರುವ ಆ್ಯಪಿಗೆ ನಮ್ಮ ಬಂಧುಗಳ ಪಟ್ಟಿ ಏಕೆ? ಬಿದ್ದಿದೆ, ಆಯ್ದುಕೊಂಡೆವು ಎನ್ನುವ ಉದ್ಯಮಿಗೆ ಲಕ್ಕಮ್ಮನವರಂಥ ಸಹಧರ್ಮಿಣಿ ಬೇಕು.

ಆಶ್ಚರ್ಯದ ಸಂಗತಿಯೆಂದರೆ ನಮ್ಮ ದೇಶದ ಕಾನೂನು ಇದೇ ಮಾತನ್ನು ಹೇಳಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಲ್ಲಿ ಒಂದು ದೃಷ್ಟಾಂತವಿದೆ. ದೂರದಿಂದಲೇ ವೈದ್ಯಕೀಯ ಸಲಹೆ ನೀಡುವ ಆ್ಯಪೊಂದು ರೋಗಿಯ ವಿವರಗಳ ಜೊತೆಗೆ ಅವರ ಫೋನಿನಲ್ಲಿರುವ ಸಂಪರ್ಕಗಳ ಪಟ್ಟಿಗೂ ಒಪ್ಪಿಗೆ ಕೇಳುತ್ತದೆ. ಆಕೆ ಎರಡಕ್ಕೂ ಒಪ್ಪುತ್ತಾಳೆ. ಚಿಕಿತ್ಸೆಗೆ ಆ ಪಟ್ಟಿ ಅವಶ್ಯವಲ್ಲವಾದುದರಿಂದ, ಒಪ್ಪಿಗೆ ಕೊಟ್ಟರೂ ಅದು ವೈದ್ಯಕೀಯ ಸೇವೆಯ ಮಟ್ಟಿಗೆ ಮಾತ್ರ ಸಲ್ಲುತ್ತದೆಂದು ಕಾನೂನು ಹೇಳುತ್ತದೆ. ಈ ಅಧಿನಿಯಮವನ್ನು ಹಂತ ಹಂತವಾಗಿ ಜಾರಿಗೆ ತರುವ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಎಂಟು ನೂರು ವರ್ಷಗಳಿಗೂ ಹಿಂದೆ ಒಬ್ಬ ಬಡ ಶರಣೆ ಅಕ್ಕಿಯ ಗಂಟಿನ ಮುಂದೆ ನಿಂತು ಆಡಿದ ಮಾತಿಗೆ ಇದು ಎಷ್ಟು ಹತ್ತಿರವಾಗಿದೆ!

ಕಪಟದ ಬಾಗಿಲುಗಳು

ಬೇಕಾದುದಕ್ಕಿಂತ ಹೆಚ್ಚು ತೆಗೆದುಕೊಳ್ಳುವ ಇನ್ನೊಂದು ದಾರಿ ಕಪಟದ್ದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ಬಗೆಯ ಕಪಟ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ಅವುಗಳಲ್ಲಿ ಕೆಲವನ್ನು ಮನೆಮಂದಿಯೆಲ್ಲ ಅರಿತಿರಬೇಕು. ಇನ್ನೆರಡೇ ಉಳಿದಿವೆ, ಬೇಗ ಕೊಳ್ಳಿ ಎಂದು ಸುಳ್ಳು ಅವಸರ ಹುಟ್ಟಿಸುವುದು ಒಂದು. ಮೊದಲು ಕಡಿಮೆ ಬೆಲೆ ತೋರಿಸಿ, ಹಣ ಕಟ್ಟುವ ಹೊತ್ತಿಗೆ ಒಂದೊಂದೇ ಶುಲ್ಕ ಸೇರಿಸುತ್ತ ಹೋಗುವುದು ಇನ್ನೊಂದು. ಸೇರಲು ಒಂದೇ ಗುಂಡಿ ಒತ್ತಿದರೆ ಸಾಕು, ಬಿಡಲು ಮಾತ್ರ ದಾರಿಯೇ ಸಿಗದಂತೆ ಮಾಡುವ ಚಂದಾದಾರಿಕೆಯ ಬಲೆ ಮತ್ತೊಂದು. ನಮ್ಮನ್ನು ಕೇಳದೆ ಬುಟ್ಟಿಯಲ್ಲಿ ವಿಮೆಯನ್ನೋ ದಾನದ ಹಣವನ್ನೋ ಸೇರಿಸಿಬಿಡುವುದೂ ಈ ಪಟ್ಟಿಯಲ್ಲಿದೆ. ದಾನವೆಂಬ ಪವಿತ್ರ ಹೆಸರಿದ್ದರೂ, ಕೊಡುವವನ ಮನಸ್ಸು ಒಪ್ಪದೆ ಕಿತ್ತುಕೊಂಡದ್ದು ದಾಸೋಹವಾಗದು.

ಇಂಥ ಕಪಟ ಏಕೆ ಹುಟ್ಟುತ್ತದೆ? ಉದ್ಯಮ ಆರಂಭಿಸುವವರಿಗೆ ಬಂಡವಾಳ ಬೇಕು. ಬಂಡವಾಳ ಹೂಡುವವರು ಉದ್ಯಮದಲ್ಲಿ ಪಾಲು ಪಡೆಯುತ್ತಾರೆ, ಬೇಗ ಬೆಳೆಯಲೆಂದು ಆಶಿಸುತ್ತಾರೆ. ಕಳೆದ ತಿಂಗಳಿಗಿಂತ ಈ ತಿಂಗಳು ಹೆಚ್ಚು ಜನ, ಹೆಚ್ಚು ಹೊತ್ತು, ಹೆಚ್ಚು ಹಣ ಎಂಬ ಲೆಕ್ಕ ಶುರುವಾದಾಗ ಒಳ್ಳೆಯ ಹುಡುಗರೂ ಅಕ್ಕಿಯ ಗಂಟನ್ನು ದೊಡ್ಡದು ಮಾಡತೊಡಗುತ್ತಾರೆ. ಬೆಳವಣಿಗೆ ತಪ್ಪಲ್ಲ, ಅದು ಬಳಸುವವರ ಸಂತೋಷದಿಂದ ಬಂದಿದೆಯೋ ಅವರ ಮರೆವಿನಿಂದ ಬಂದಿದೆಯೋ ಎಂಬುದನ್ನು ಉದ್ಯಮಿಯು ತನ್ನ ಅಂತಸ್ಸಾಕ್ಷಿಯ ಮುಂದೆ ಉತ್ತರಿಸಿಕೊಳ್ಳಬೇಕು.

ನಮ್ಮ ಪರಂಪರೆಯಲ್ಲಿಯೇ ಯಂತ್ರವನ್ನು ದಾಸೋಹಕ್ಕೆ ದುಡಿಸಿದ ಮಹನೀಯರಿದ್ದಾರೆ. ಡಾ. ಫ. ಗು. ಹಳಕಟ್ಟಿಯವರ ಕಾಲಕ್ಕೆ ಹೊಸ ಯಂತ್ರವೆಂದರೆ ಮುದ್ರಣಾಲಯ. ಅವರು ಊರೂರು ಸುತ್ತಿ ಓಲೆಗರಿಗಳನ್ನು ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಮುಂದೆ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಲು ಇದ್ದ ಮನೆಯನ್ನೇ ಮಾರಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ನಮ್ಮ ಕಾಲದಲ್ಲಿ ಕನ್ನಡದ ಕೆಲವು ತಂತ್ರಜ್ಞರೂ ವಿದ್ವಾಂಸರೂ ಕೂಡಿ ವಚನ ಸಂಚಯವೆಂಬ ಜಾಲತಾಣವನ್ನು ರೂಪಿಸಿದರು. ಒಂದು ಪದವನ್ನು ಕೊಟ್ಟರೆ ಅದು ಯಾವ ಯಾವ ಶರಣರ ವಚನಗಳಲ್ಲಿ ಬಂದಿದೆ ಎಂದು ಸಾವಿರಾರು ವಚನಗಳ ನಡುವಿನಿಂದ ಹುಡುಕಿಕೊಡುವ ಸೇವೆ ಅದು. ಓದುಗರಿಂದ ಕಾಸು ಕೇಳದೆ ಮಾಡಿದ ಕೆಲಸ. ಓಲೆಗರಿ, ಮುದ್ರಣ, ಜಾಲ ಹೀಗೆ ಪಾತ್ರೆ ಬದಲಾಗುತ್ತದೆ, ಒಳಗಿನ ಪ್ರಸಾದ ಒಂದೇ.

ಹಿರಿಯರಿಗೆ ನಮ್ಮ ಉತ್ತರ

ಇನ್ನು ಪತ್ರ ಬರೆದ ಹಿರಿಯರ ಪ್ರಶ್ನೆಗೆ ಬರೋಣ. ಜಾಲತಾಣ ಕಟ್ಟುವುದು ಕಾಯಕವಾಗಬಲ್ಲದು. ಆದರೆ ತಾನಾಗಿ ಆಗುವುದಿಲ್ಲ. ಆದುದರಿಂದ ಹೂಂ ಎನ್ನುವ ಮುನ್ನ ಮಗನನ್ನು ಪ್ರೀತಿಯಿಂದ ಹತ್ತಿರ ಕೂರಿಸಿಕೊಂಡು ನಾಲ್ಕು ಮಾತು ಕೇಳಿರಿ.

ಮೊದಲನೆಯದು: "ತಮ್ಮಾ, ನೀನು ಕಟ್ಟುವುದರಿಂದ ಯಾರ ಕಷ್ಟ ಕಳೆಯುತ್ತದೆ? ಅವರ ಬಳಿ ಹೋಗಿ ಕುಳಿತು ನೋಡಿರುವೆಯಾ?" ಕೋಣೆಯಲ್ಲಿ ಕುಳಿತು ಕಲ್ಪಿಸಿಕೊಂಡ ಕಷ್ಟಕ್ಕೆ ಕೊಳ್ಳುವವರು ಸಿಗುವುದಿಲ್ಲ. ಎರಡನೆಯದು: ಹಣ ಎಲ್ಲಿಂದ ಬರುತ್ತದೆ? ಬಳಸುವವರು ಕೊಡುವರೋ, ವ್ಯಾಪಾರಿಗಳು ಕೊಡುವರೋ, ಜಾಹೀರಾತಿನಿಂದ ಬರುವುದೋ? ಈ ಪ್ರಶ್ನೆಗೆ ನೇರ ಉತ್ತರವಿಲ್ಲದಿದ್ದರೆ, ಬಳಸುವವರ ಗುಟ್ಟುಗಳನ್ನೇ ಸರಕು ಮಾಡುವ ಅಪಾಯವಿದೆ. ಮೂರನೆಯದು: ನಿನ್ನ ಅಜ್ಜಿ ಇದನ್ನು ಬಳಸಿದರೆ ಮೋಸ ಹೋಗದೆ ಹೊರಗೆ ಬರಬಲ್ಲಳೇ? ಕನ್ನಡದಲ್ಲಿ ಓದಿ ತಿಳಿಯಬಲ್ಲಳೇ? ನಾಲ್ಕನೆಯದು: ಎಷ್ಟು ಕಾಲ, ಎಷ್ಟು ಹಣ? ಇಂಥ ಉದ್ಯಮಗಳಲ್ಲಿ ನಿಲ್ಲುವವುಗಳಿಗಿಂತ ನಿಲ್ಲದವೇ ಹೆಚ್ಚು. ಆದುದರಿಂದ ಒಂದು ಅವಧಿಯನ್ನು ಗೊತ್ತುಪಡಿಸಿಕೊಳ್ಳಿ. ಸಣ್ಣದಾಗಿ ಕಟ್ಟಿ, ನಾಲ್ಕು ಜನರ ಕೈಗೆ ಕೊಟ್ಟು, ಅವರು ಎಲ್ಲಿ ಎಡವುತ್ತಾರೆಂದು ನೋಡಿ ತಿದ್ದಿ, ಆಮೇಲೆ ದೊಡ್ಡದು ಮಾಡಲಿ. ಹಿರಿಯರ ಹೊಲವನ್ನು ಅಡವಿಡುವ ಮಾತು ಬಂದರೆ ಮಾತ್ರ ಬೇಡವೆನ್ನಿರಿ. ಸೋತರೂ ಕಲಿತ ವಿದ್ಯೆ ಕೈಯಲ್ಲಿರುತ್ತದೆ, ಮತ್ತೆ ನೌಕರಿ ದೊರೆತೀತು. ಹೋದ ಹೊಲ ಮರಳಿ ಬರುವುದು ಕಷ್ಟ.

ಈ ನಾಲ್ಕಕ್ಕೂ ಹುಡುಗ ಸಮಾಧಾನದ ಉತ್ತರ ಕೊಟ್ಟನಾದರೆ ತಾವು ಮನಃಪೂರ್ವಕವಾಗಿ ಹರಸಿ ಕಳುಹಿಸಿರಿ. ಅರೆಮನಸ್ಸಿನ ಒಪ್ಪಿಗೆ ಮಕ್ಕಳ ಹೆಗಲ ಮೇಲೆ ಕಲ್ಲಿನಂತೆ ಕೂರುತ್ತದೆ.

ಬಳಸುವವರಿಗೆ ಎರಡು ಮಾತು

ಕಟ್ಟುವವರಿಗಷ್ಟೇ ಅಳತೆಯಲ್ಲ, ಬಳಸುವ ನಮಗೂ ಉಂಟು. ಸಂಜೆಯ ಲಿಂಗಪೂಜೆಯ ಹೊತ್ತಿಗೂ ಊಟದ ಹೊತ್ತಿಗೂ ಫೋನನ್ನು ಬದಿಗಿಡುವ ವ್ರತವನ್ನು ಮನೆಮಂದಿಯೆಲ್ಲ ಕೈಗೊಳ್ಳುವುದು ಉಚಿತ. ಹಣ ಪಡೆಯಲು ಯುಪಿಐ ಗುಪ್ತಸಂಖ್ಯೆಯನ್ನು ಒತ್ತುವ ಅಗತ್ಯವೇ ಇಲ್ಲವೆಂಬುದನ್ನು, ಒತ್ತಿದರೆ ಹಣ ಹೋಗುವುದೇ ಹೊರತು ಬರುವುದಿಲ್ಲವೆಂಬುದನ್ನು ತಾಯಂದಿರಿಗೂ ವೃದ್ಧರಿಗೂ ಮಕ್ಕಳು ತಿಳಿಹೇಳಬೇಕು. ಜಾಲದಲ್ಲಿ ಹಣ ವಂಚನೆಯಾದರೆ ನಾಚಿಕೊಂಡು ಮುಚ್ಚಿಡದೆ ತಡಮಾಡದೆ 1930ಕ್ಕೆ ಕರೆ ಮಾಡಿರಿ. ಕೊಂಡ ಸರಕು ಸೇವೆಗಳಲ್ಲಿ ಅನ್ಯಾಯವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಮೋಸ ಹೋದ ಹಿರಿಯರನ್ನು ಮನೆಯವರು ಗದರಿಸಬಾರದು. ಗದರಿಕೆಗೆ ಹೆದರಿ ಅವರು ಬಾಯಿ ಮುಚ್ಚಿಕೊಂಡಷ್ಟೂ ವಂಚಕನಿಗೆ ಅನುಕೂಲ.

ಒಪ್ಪಿಗೆ ಕೇಳುವ ಗುಂಡಿ ಫೋನಿನಲ್ಲಿ ಎದ್ದುಬಂದಾಗ ಅರೆಗಳಿಗೆ ನಿಂತು, ಇದು ಈ ಕೆಲಸಕ್ಕೆ ಬೇಕಾದುದೇ ಎಂದು ಕೇಳಿಕೊಳ್ಳಿರಿ. ಬೇಡವಾದುದಕ್ಕೆ ಬೇಡವೆನ್ನಿರಿ. ಕಟ್ಟುವ ಮಕ್ಕಳು ಬೇಕಾದಷ್ಟನ್ನೇ ಕೇಳಲಿ, ಬಳಸುವ ನಾವು ಬೇಕಾದಷ್ಟನ್ನೇ ಕೊಡೋಣ. ಲಕ್ಕಮ್ಮನವರ ಅಳತೆಯ ಸೇರು ಬೆಂಗಳೂರಿನ ಕಚೇರಿಯಲ್ಲೂ ಹಳ್ಳಿಯ ಪಡಸಾಲೆಯಲ್ಲೂ ಒಂದೇ ಆಗಿರಲಿ.